ದುಂಡು ಕಂಬಕ್ಕೆ ಬಣ್ಣ: 114 ಅಡಿನಾ, 226 ಅಡಿನಾ? ಲೆಕ್ಕ ಗೊತ್ತಿರೋರು ಹೇಳಿ

ಜಗಲಿಕಂಬ:

ಎಲ್ರಿಗೂ ನಮಸ್ಕಾರ. ಸಾಗರದ ಹತ್ರ ನಮ್ಮ ಹಳೇ ಮನೆ, ಅಪ್ಪ ಅಮ್ಮ ಅಲ್ಲೇ ಇರೋದು, ಮುಂದಿನ ತಿಂಗಳು ತಂಗಿ ನಿಶ್ಚಿತಾರ್ಥ ಇದೆ ಅಂತ ಬಣ್ಣ ಹೊಡೆಸ್ತಾ ಇದೀವಿ. ಗೋಡೆ ಲೆಕ್ಕದಲ್ಲಿ ಏನೂ ತೊಂದ್ರೆ ಆಗ್ಲಿಲ್ಲ, ಉದ್ದ ಅಗಲ ಗುಣಿಸಿದ್ವಿ, ಕಿಟಕಿ ಬಾಗಿಲು ಕಳೆದ್ವಿ, ಮುಗೀತು. ತಕರಾರು ಬಂದಿದ್ದು ಜಗಲಿ ಮುಂದೆ ಇರೋ ನಾಲ್ಕು ದುಂಡು ಕಂಬದ್ದು. ಪೇಂಟಿಂಗ್ ಕಂಟ್ರ್ಯಾಕ್ಟರ್ ಕೊಟ್ಟ ಚೀಟೀಲಿ ನಾಲ್ಕು ಕಂಬಕ್ಕೆ 226 ಚದರ ಅಡಿ ಅಂತ ಇದೆ, ಕೂಲಿ ಅಡಿಗೆ 14 ರೂಪಾಯಿ ಅಂತ ಮಾತಾಗಿದೆ. ನಾನು ಅಮ್ಮನ ಹೊಲಿಗೆ ಟೇಪ್ ತಗೊಂಡು ಕಂಬದ ಸುತ್ತ ಹಿಡಿದೆ, 38 ಇಂಚು ಬಂತು. ಎತ್ತರ 9 ಅಡಿ. 38 ಇಂಚು ಅಂದ್ರೆ ಹತ್ತತ್ರ 3.17 ಅಡಿ, ಅದನ್ನ 9ರಿಂದ ಗುಣಿಸಿದ್ರೆ ಇಪ್ಪತ್ತೆಂಟೂವರೆ, ನಾಲ್ಕು ಕಂಬಕ್ಕೆ 114.

ಅವರನ್ನ ಕೇಳಿದ್ರೆ ಫಾರ್ಮುಲಾ ಹಾಕೇ ಮಾಡಿರೋದು ಸಾರ್ ಅಂತಾರೆ, ಚೀಟಿ ಹಿಂದೆ 2 × 3.14 × 1 × 9 ಅಂತ ಬರೆದೂ ತೋರ್ಸಿದ್ರು. ಫಾರ್ಮುಲಾ ನಂಗೂ ನೆನಪಿದೆ, ಟು ಪೈ ಆರ್ ಹೆಚ್ ತಾನೆ. ಮನುಷ್ಯ ಒಳ್ಳೆಯವರು, ಹದಿನೈದು ವರ್ಷದಿಂದ ನಮ್ಮೂರಲ್ಲೇ ಕೆಲಸ ಮಾಡ್ತಿದಾರೆ, ಅವರ ಮೇಲೆ ಸುಮ್ನೆ ಅನುಮಾನ ಪಡೋಕೆ ನಂಗೆ ಇಷ್ಟ ಇಲ್ಲ. ಹಾಗಾದ್ರೆ ನನ್ನ ಟೇಪ್ ಲೆಕ್ಕದಲ್ಲೇ ಏನಾದ್ರೂ ಬಿಟ್ಟುಹೋಗಿದ್ಯಾ?

ಸೈಟ್_ಹುಬ್ಬಳ್ಳಿ:

ತಪ್ಪು ನಿಮ್ದಲ್ರಿ. ಚೀಟಿ ಹಿಂದ 1 ಅಂತ ಬರ್ದಾರಲ್ಲ, ಅದ ದಾರಿ ತಪ್ಪಿಸೇತಿ. ಸುತ್ತಳತಿ 38 ಇಂಚು ಅಂದ್ರ ಕಂಬದ ಅಡ್ಡಗಲ 12 ಇಂಚಿಗಿಂತ ಒಂದು ಕೂದಲೆಳಿ ಜಾಸ್ತಿ, ಅಂದ್ರ 1 ಅಡಿ. ಆದ್ರ ಅದು ವ್ಯಾಸ. ಫಾರ್ಮುಲಾದಾಗ ಕೇಳೋದು ತ್ರಿಜ್ಯ, ಅದು ಅರ್ಧ ಅಡಿ. ಅರ್ಧ ಹಾಕಬೇಕಾದಲ್ಲಿ ಒಂದು ಹಾಕಿದ್ರ ಉತ್ತರ ಸರಿಯಾಗಿ ಡಬಲ್ ಬರ್ತೈತಿ. 2 × 3.14 × 0.5 × 9 ಮಾಡ್ರಿ, 28.26 ಬರ್ತೈತಿ, ನಾಲ್ಕಕ್ಕ 113. ನಿಮ್ಮ ಟೇಪಿನ 114ಕ್ಕೂ ಇದಕ್ಕೂ ಒಂದ ಅಡಿ ಫರಕು, ಅದು ಅವರು ವ್ಯಾಸ ರೌಂಡ್ ಮಾಡಿದ್ದಕ್ಕ ಬಂದದ್ದು.

ಅವರು ಬೇಕಂತ ಮಾಡಿರಲಿಕ್ಕಿಲ್ರಿ. ನಾನೂ ಸೈಟ್ ಸೂಪರ್ವೈಸರ್, ಕೆಲಸಕ್ಕ ಸೇರಿದ ಹೊಸದರಾಗ ಒಂದು ಓವರ್‌ಹೆಡ್ ಟ್ಯಾಂಕಿನ ಕಾಲಂಗೆ ಹಿಂಗ ಮೆಜರ್‌ಮೆಂಟ್ ಬರದು ಪ್ರೈಮರ್ ಎರಡು ಪಟ್ಟು ತರಿಸಿದ್ದೆ, ಉಳಿದ ಡಬ್ಬಿ ಗೋಡೌನ್‌ನಾಗ ಕುಂತಿದ್ದು ನೋಡಿದಾಗ್ಲೇ ಗೊತ್ತಾದದ್ದು. ಅವತ್ತಿನಿಂದ ದುಂಡಂದು ಏನ ಇರ್ಲಿ, ಅಡ್ಡಗಲ ಅಳೆಯೂದ ಬಿಟ್ಟೀನಿ. ದಾರ ಸುತ್ತೋದು, ದಾರ ಅಳೆಯೋದು, ಎತ್ತರಕ್ಕ ಗುಣಿಸೋದು. ಪೈನೂ ಬ್ಯಾಡ, ತ್ರಿಜ್ಯನೂ ಬ್ಯಾಡ.

ಜಗಲಿಕಂಬ:

ಅಯ್ಯೋ ಹೌದಲ್ವಾ, 226ರ ಅರ್ಧ 113! ಇಷ್ಟು ಹೊತ್ತು ನೋಡ್ತಾ ಕೂತಿದ್ರೂ ಹೊಳೀಲಿಲ್ಲ. ತುಂಬಾ ಥ್ಯಾಂಕ್ಸ್. ಆದ್ರೆ ದಾರದ ಲೆಕ್ಕ ಯಾಕೆ ಸರಿ ಅಂತ ಅವರಿಗೆ ಬಿಡಿಸಿ ಹೇಳ್ಬೇಕಲ್ಲ, ಅವರು ಫಾರ್ಮುಲಾ ಬಿಟ್ಟು ಬೇರೆ ನಂಬಲ್ಲ.

ಹೈಸ್ಕೂಲ್_ಮೇಷ್ಟ್ರು:

ಬಿಡಿಸೋದು ಅಂತೀರಲ್ಲ, ನಿಜವಾಗ್ಲೂ ಬಿಡಿಸಿಯೇ ತೋರ್ಸಿ. ನಾನು ಕ್ಲಾಸಲ್ಲಿ ದುಂಡನೆ ಊದುಬತ್ತಿ ಡಬ್ಬ ತಗೊಂಡು ಹೋಗ್ತೀನಿ. ಅದರ ಮೇಲೆ ಅಂಟಿಸಿರೋ ಕಾಗದ ಇರುತ್ತಲ್ಲ, ಅಂಟು ಹಾಕಿರೋ ಜಾಗದಲ್ಲಿ ಮೇಲಿಂದ ಕೆಳಕ್ಕೆ ಬ್ಲೇಡಲ್ಲಿ ನೇರ ಗೆರೆ ಎಳೆದು ಮೆಲ್ಲಗೆ ಸುಲಿದ್ರೆ ಕೈಗೆ ಬರೋದು ಒಂದು ಆಯತ. ಅದರ ಒಂದು ಬದಿ ಡಬ್ಬದ ಎತ್ತರ, ಇನ್ನೊಂದು ಬದಿ ಡಬ್ಬದ ಸುತ್ತಳತೆ. ಆಯತದ ವಿಸ್ತೀರ್ಣ ಐದನೇ ಕ್ಲಾಸಿನ ಮಗೂಗೂ ಗೊತ್ತು. ಟು ಪೈ ಆರ್ ಅನ್ನೋದು ಆ ಸುತ್ತಳತೆಗೆ ಇನ್ನೊಂದು ಹೆಸರು ಅಷ್ಟೇ, ಹೆಚ್ ಅಂದ್ರೆ ಎತ್ತರ. ಟೇಪ್ ಹಿಡಿದು ಸುತ್ತಳತೆ ನೇರವಾಗಿ ಸಿಕ್ಕಮೇಲೆ ಅದನ್ನ ಮತ್ತೆ ಪೈ ಹಾಕಿ ಹುಡುಕೋ ಅಗತ್ಯ ಏನಿದೆ ಹೇಳಿ.

ಹತ್ತನೇ ಕ್ಲಾಸಲ್ಲಿ ಮಕ್ಕಳು ಮಾರ್ಕ್ಸ್ ಕಳ್ಕೊಳ್ಳೋದು ಗುಣಾಕಾರದಲ್ಲಿ ಅಲ್ಲ, ಯಾವ ಮುಖ ಸೇರುತ್ತೆ ಯಾವುದು ಸೇರಲ್ಲ ಅನ್ನೋದ್ರಲ್ಲಿ. ಅದಕ್ಕೇ ನಾನು ಕೈಯಲ್ಲಿ ಮುಟ್ಟಿ ನೋಡ್ರೋ ಅಂತೀನಿ. ಕಂಬ ಮುಟ್ಟಿ, ಸುತ್ತ ಮಾತ್ರ ಕೈ ಓಡುತ್ತೆ, ಮೇಲೆ ಛಾವಣಿ ಕೆಳಗೆ ನೆಲ, ಹಾಗಾಗಿ ಪಾರ್ಶ್ವ ಮೇಲ್ಮೈ ಒಂದೇ. ಲೋಟ ಆದ್ರೆ ಸುತ್ತ ಪ್ಲಸ್ ತಳ, ಬಾಯಿ ಇಲ್ಲ. ಮುಚ್ಚಳ ಇರೋ ಡ್ರಮ್ಮಿಗೆ ಸುತ್ತ, ತಳ, ಮುಚ್ಚಳ ಮೂರೂ. ಪೈಪಿಗೆ ತಳನೂ ಇಲ್ಲ ಮುಚ್ಚಳನೂ ಇಲ್ಲ. ಪೂರ್ಣ ಮೇಲ್ಮೈ ಸೂತ್ರ ಬಾಯಿಪಾಠ ಮಾಡ್ಕೊಂಡು ಬಂದೋನು ಲೋಟಕ್ಕೂ ಮುಚ್ಚಳ ಹಾಕಿಬಿಡ್ತಾನೆ, ಮುಟ್ಟಿ ನೋಡಿದೋನು ಹಾಕಲ್ಲ.

ಪನ್ನದ_ಲೆಕ್ಕ:

ನಾನು ಟೈಲರ್, ಮೈಸೂರಲ್ಲಿ ಸಣ್ಣ ಅಂಗಡಿ ಇದೆ. ಮೇಷ್ಟ್ರು ಹೇಳಿದ್ದು ಸರಿ ಆದ್ರೆ ನಮ್ಮ ಕೆಲಸದಲ್ಲಿ ಮೇಲ್ಮೈ ವಿಸ್ತೀರ್ಣ ಬೇರೆ, ಬೇಕಾಗೋ ಬಟ್ಟೆ ಬೇರೆ, ಇದನ್ನ ಯಾರೂ ಹೇಳ್ಕೊಡಲ್ಲ. ಮದುವೆ ಛತ್ರದವರು ಲೋಡಿಗೆ ಕವರ್ ಹೊಲಿಸ್ತಾರೆ, ಲೋಡು ಅಂದ್ರೆ ಪಕ್ಕಾ ಸಿಲಿಂಡರ್ ತಾನೆ. ಉದ್ದ 75 ಸೆಂಟಿಮೀಟರ್, ವ್ಯಾಸ 22 ಅಂತಿಟ್ಕೊಳ್ಳಿ. ಸುತ್ತಳತೆ 69 ಬರುತ್ತೆ. ಸುತ್ತಿನ ಭಾಗ ಸುಮಾರು 5,186 ಚದರ ಸೆಂಟಿಮೀಟರ್, ಎರಡು ತುದಿಯ ದುಂಡು ಬಿಲ್ಲೆ ತಲಾ 380, ಒಟ್ಟು 5,946. ಇಷ್ಟೇ ಬಟ್ಟೆ ತಂದ್ರೆ ಕವರ್ ಆಗಲ್ಲ! ಹೊಲಿಗೆಗೆ ಅಂತ ಎಲ್ಲಾ ಕಡೆ ಒಂದೂವರೆ ಸೆಂಟಿಮೀಟರ್ ಬಿಡಬೇಕು, ಆಗ ಆಯತ 72ಕ್ಕೆ 78 ಆಗುತ್ತೆ, ಬಿಲ್ಲೆ ವ್ಯಾಸ 25 ಆಗುತ್ತೆ. ಬಿಲ್ಲೆ ಕತ್ತರಿಸೋದು ಚೌಕದಿಂದ, ನಾಲ್ಕು ಮೂಲೆ ಚೂರು ವೇಸ್ಟು. ಎಲ್ಲಾ ಸೇರಿಸಿದ್ರೆ 6,866. ಅಂದ್ರೆ ಲೆಕ್ಕದ ಮೇಲೆ ನೂರಕ್ಕೆ ಹದಿನೈದು ಜಾಸ್ತಿ.

ಇನ್ನೊಂದು ವಿಷ್ಯ, ಬಟ್ಟೆ ಹಾಸೋ ರೀತಿ. ಪನ್ನ, ಅಂದ್ರೆ ಬಟ್ಟೆ ಅಗಲ, 1 ಮೀಟರ್ ಇದ್ರೆ 78ನ್ನ ಪನ್ನಕ್ಕೆ ಅಡ್ಡ ಇಟ್ರೆ ಪಕ್ಕದಲ್ಲಿ ಉಳಿಯೋದು 22, ಅದ್ರಲ್ಲಿ 25ರ ಬಿಲ್ಲೆ ಕೂರಲ್ಲ, ಬಿಲ್ಲೆಗೆ ಅಂತ ಮತ್ತೆ 25 ಸೆಂಟಿಮೀಟರ್ ಬಟ್ಟೆ ಹರಿಬೇಕು. ಅದೇ ತಿರುಗಿಸಿ 72ನ್ನ ಅಡ್ಡ ಇಟ್ರೆ ಪಕ್ಕದಲ್ಲಿ 28 ಉಳಿಯುತ್ತೆ, ಆ ಪಟ್ಟೀಲೇ ಎರಡೂ ಬಿಲ್ಲೆ ಒಂದರ ಕೆಳಗೊಂದು ಬಂದುಬಿಡುತ್ತೆ. ಮೊದಲನೇದ್ರಲ್ಲಿ ಒಂದು ಲೋಡಿಗೆ 97 ಸೆಂಟಿಮೀಟರ್, ಎರಡನೇದ್ರಲ್ಲಿ 78. ಇಪ್ಪತ್ತು ಲೋಡಿಗೆ ಮೂರು ಮುಕ್ಕಾಲು ಮೀಟರ್ ಉಳೀತು ನೋಡಿ.

ಎಣಿಕೆ_ಎಲ್ಲಿ:

ತುಂಬಾ ಚೆನ್ನಾಗಿ ಹೇಳಿದ್ರಿ ಆದ್ರೆ ಉಳಿತಾಯ ಅಷ್ಟು ಬರಲ್ಲ ಅನ್ಸುತ್ತೆ. 25 ಸೆಂಟಿಮೀಟರ್ ಪಟ್ಟಿ 1 ಮೀಟರ್ ಪನ್ನದಲ್ಲಿ ಹರಿದ್ರೆ ಅದ್ರಲ್ಲಿ ನಾಲ್ಕು ಬಿಲ್ಲೆ ಸಿಗುತ್ತೆ, ಎರಡು ಲೋಡಿಗೆ ಆಯ್ತು. ಇಪ್ಪತ್ತು ಲೋಡಿಗೆ 20 × 72 = 1,440, ಬಿಲ್ಲೆಗೆ ಹತ್ತು ಪಟ್ಟಿ 250, ಒಟ್ಟು 1,690. ನಿಮ್ಮ ಎರಡನೇ ರೀತೀಲಿ 20 × 78 = 1,560. ವ್ಯತ್ಯಾಸ 1 ಮೀಟರ್ 30 ಸೆಂಟಿಮೀಟರ್. ಆದ್ರೂ ನಿಮ್ಮ ರೀತಿನೇ ಗೆಲ್ಲೋದು, ಅದ್ರಲ್ಲಿ ಎರಡು ಮಾತಿಲ್ಲ.

ಪನ್ನದ_ಲೆಕ್ಕ:

ಸರಿಯಾಗಿ ಹಿಡಿದ್ರಿ. ಒಂದು ಲೋಡಿನ ಲೆಕ್ಕವನ್ನೇ ಇಪ್ಪತ್ತರಿಂದ ಗುಣಿಸಿಬಿಟ್ಟೆ. ಇಪ್ಪತ್ತು ಹೊಲಿಯೋವಾಗ ಬಿಲ್ಲೆ ಎಲ್ಲಾ ಒಟ್ಟಿಗೆ ಕತ್ತರಿಸ್ತೀವಿ, ಹಾಗಾಗಿ ನೀವು ಹೇಳಿದ್ದೇ ಸರಿ, 1 ಮೀಟರ್ 30.

ತೋಟದಮನೆ:

ನಮ್ಮಲ್ಲಿ ಸಿಲಿಂಡರ್ ಅಂದ್ರೆ ಅಡಿಕೆ ಮರ. ಮಳೆಗಾಲ ಮುಗಿದ ಮೇಲೆ ನೈಋತ್ಯ ದಿಕ್ಕಿನ ಬಿಸಿಲು ಕಾಂಡಕ್ಕೆ ಹೊಡೆದು ಸಿಪ್ಪೆ ಸುಟ್ಟು ಬಿರುಕು ಬಿಡ್ತು ಅಂತ ಆ ಬದಿಗೆ ಸುಣ್ಣ ಬಳೀತೀವಿ, ಎಳೇ ತೋಟಕ್ಕಂತೂ ಬೇಕೇ ಬೇಕು. ಎಷ್ಟು ಸುಣ್ಣ ಕಲಸ್ಬೇಕು ಅಂತ ಪ್ರತಿ ವರ್ಷ ಅಂದಾಜಿನ ಮೇಲೆ ಹೋಗ್ತಿತ್ತು, ಒಂದೋ ಸಾಲ್ತಿರ್ಲಿಲ್ಲ ಇಲ್ಲಾ ಡ್ರಮ್ಮಲ್ಲಿ ಉಳಿದು ಗಟ್ಟಿ ಆಗ್ತಿತ್ತು. ಹೋದ ಸಲ ಮಗಳು ಕೂತು ಲೆಕ್ಕ ಹಾಕಿದ್ಲು.

ಮರ ಬುಡದಲ್ಲಿ ದಪ್ಪ, ಮೇಲೆ ಸಣ್ಣ, ಹಾಗಾಗಿ ಬುಡದ ಸುತ್ತಳತೆ, ಬ್ರಷ್ ಮುಟ್ಟೋ ಎತ್ತರದ ಸುತ್ತಳತೆ ಎರಡೂ ತಗೊಂಡು ಕೂಡಿಸಿ ಅರ್ಧ ಮಾಡಿದ್ಲು. 50 ಮತ್ತು 40 ಸೆಂಟಿಮೀಟರ್, ಸರಾಸರಿ 45. ಬಳಿಯೋದು ಬಿಸಿಲು ಬೀಳೋ ಅರ್ಧ ಸುತ್ತು ಮಾತ್ರ, ಇಪ್ಪತ್ತೆರಡೂವರೆ. ಕೋಲಿಗೆ ಕಟ್ಟಿದ ಬ್ರಷ್ 3 ಮೀಟರ್ ತನಕ ಹೋಗ್ತು. ಒಂದು ಮರಕ್ಕೆ 0.675 ಚದರ ಮೀಟರ್. 2.7 ಮೀಟರ್ ಅಂತರದಲ್ಲಿ ಹಾಕಿದ್ರೆ ಎಕರೆಗೆ ಸುಮಾರು 550 ಮರ, ಒಟ್ಟು 371 ಚದರ ಮೀಟರ್. ಅಂದ್ರೆ ಬೆಂಗಳೂರಿನ 30 × 40 ಸೈಟು ಮೂರಕ್ಕಿಂತ ಜಾಸ್ತಿ ಜಾಗಕ್ಕೆ ಸುಣ್ಣ ಬಳಿದಂಗೆ! ಕೈ ಯಾಕೆ ಸೋಲ್ತು ಅಂತ ಅವತ್ತು ಅರ್ಥ ಆಯ್ತು. ಒಂದು ಬಕೆಟ್ ಕಲಸಿ ಎಷ್ಟು ಮರಕ್ಕೆ ಬಂತು ಅಂತ ಮೊದಲು ಎಣಿಸಿದ್ವಿ, 40 ಮರ ಬಂತು, ಹಾಗಾಗಿ ಹದಿನಾಲ್ಕು ಬಕೆಟ್ ಅಂತ ತೀರ್ಮಾನ ಮಾಡಿದ್ವಿ. ಹದಿನಾಲ್ಕನೇ ಬಕೆಟ್ ತಳದಲ್ಲಿ ಒಂಚೂರು ಉಳೀತು.

ಸೈಟ್_ಹುಬ್ಬಳ್ಳಿ:

ಮಗಳು ಭಾಳ ಶಾಣ್ಯಾ ಅದಾಳ್ರಿ. ಎರಡೂ ಕಡೆ ಅಳದು ಸರಾಸರಿ ತಗಿಯೂದು, ಇದನ್ನ ಜಗಲಿ ಕಂಬಕ್ಕೂ ಮಾಡ್ರಿ, ಹಳೇ ಕಂಬ ಮ್ಯಾಲ ಹೋದಂಗ ಸಣ್ಣ ಆಗ್ತಾವು.

ರೇಖಾಗಣಿತ_ಅಮ್ಮ:

ನನ್ ಮಗ ಹತ್ತನೇ ಕ್ಲಾಸು, ಮಾತ್ರೆ ಕ್ಯಾಪ್ಸೂಲ್ ಲೆಕ್ಕಕ್ಕೆ ದಿನಾ ಅಳು. ನಡುವೆ ಸಿಲಿಂಡರ್, ಎರಡು ತುದಿಗೆ ಅರ್ಧಗೋಳ. ಒಟ್ಟು ಉದ್ದ 21 ಮಿಲಿಮೀಟರ್, ವ್ಯಾಸ 7 ಅಂತ ಕೊಟ್ರೆ ಸಿಲಿಂಡರ್ ಉದ್ದ 21 ಅಂತಲೇ ಹಾಕ್ತಾನೆ, ತುದಿ ಕಳೆಯೋದು ಮರೆತುಬಿಡ್ತಾನೆ. ಸುಲಭ ದಾರಿ ಇದ್ಯಾ?

ಹೈಸ್ಕೂಲ್_ಮೇಷ್ಟ್ರು:

ಇದೆ ತಾಯಿ, ತುಂಬಾ ಚೆಂದದ ದಾರಿ ಇದೆ. ಮೊದಲು ಪರೀಕ್ಷೆಗೆ ಬರೆಯೋ ರೀತಿ ಮಾಡೋಣ. ಎರಡು ತುದಿ ಸೇರಿ 7 ಹೋಯ್ತು, ನಡುವಿನ ಸಿಲಿಂಡರ್ 14. ಸುತ್ತಳತೆ 22, ಹಾಗಾಗಿ 22 × 14 = 308. ಎರಡು ಅರ್ಧಗೋಳ ಸೇರಿ ಒಂದು ಪೂರ್ತಿ ಗೋಳ, ಅದರ ಮೇಲ್ಮೈ 154. ಒಟ್ಟು 462. ಈಗ ಸುತ್ತಳತೆ 22ನ್ನ ಕ್ಯಾಪ್ಸೂಲಿನ ಪೂರ್ತಿ ಉದ್ದ 21ರಿಂದ ಗುಣಿಸಿ ನೋಡಿ. 462!

ಇದು ಕಾಕತಾಳೀಯ ಅಲ್ಲ. ಒಂದು ಚೆಂಡು ಸರಿಯಾಗಿ ಕೂರೋ ಹಾಗೆ ಸಿಲಿಂಡರ್ ಮಾಡಿದ್ರೆ ಚೆಂಡಿನ ಮೇಲ್ಮೈ ಎಷ್ಟೋ ಆ ಸಿಲಿಂಡರಿನ ಸುತ್ತಿನ ಮೇಲ್ಮೈಯೂ ಅಷ್ಟೇ. ಇದನ್ನ ಎರಡು ಸಾವಿರ ವರ್ಷಕ್ಕೂ ಹಿಂದೆ ಸಿರಾಕ್ಯೂಸಿನ ಆರ್ಕಿಮಿಡೀಸ್ ಸಾಧಿಸಿ ತೋರಿಸಿದ್ದು. ಅವನಿಗೆ ತನ್ನ ಎಲ್ಲಾ ಕೆಲಸಗಳಲ್ಲಿ ಇದರ ಮೇಲೆ ಎಷ್ಟು ಪ್ರೀತಿ ಇತ್ತು ಅಂದ್ರೆ ಸಮಾಧಿ ಮೇಲೆ ಗೋಳ ಮತ್ತು ಸಿಲಿಂಡರಿನ ಗುರುತು ಇತ್ತು, ಕ್ರಿಸ್ತಪೂರ್ವ 75ರಲ್ಲಿ ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದ ಸಿಸೆರೋ ಪೊದೆ ಮುಳ್ಳು ಸರಿಸಿ ಆ ಸಮಾಧಿ ಪತ್ತೆ ಹಚ್ಚಿದ್ದು ಆ ಗುರುತಿನಿಂದಲೇ. ಮಗನಿಗೆ ಪರೀಕ್ಷೇಲಿ ಹೆಜ್ಜೆ ಹೆಜ್ಜೆಯಾಗಿ ಬರೆಯೋಕೆ ಹೇಳಿ, ಆಮೇಲೆ ಸುತ್ತಳತೆ ಇಂಟು ಪೂರ್ತಿ ಉದ್ದ ಹಾಕಿ ಉತ್ತರ ತಾಳೆ ನೋಡಿಕೊಳ್ಳಲಿ.

ರೇಖಾಗಣಿತ_ಅಮ್ಮ:

ಈಗ್ಲೇ ಮಗನ ಮುಂದೆ ಮಾಡಿ ತೋರ್ಸಿದೆ ಸಾರ್, ಕಣ್ಣರಳಿಸಿ ನೋಡಿದ. ಬೇರೆ ಅಳತೆ ಕೊಟ್ಟು ಮೂರು ಸಲ ತಾಳೆ ನೋಡಿದ್ವಿ, ಮೂರೂ ಸಲ ಬಂತು.

ಎಣಿಕೆ_ಎಲ್ಲಿ:

ದಾರದವರಿಗೆ ಒಂದು ಪ್ರಶ್ನೆ. ಸುತ್ತಿಗೆ ಪೈ ಬೇಡ ಒಪ್ಪಿದೆ, ಆದ್ರೆ ಡ್ರಮ್ಮಿನ ತಳ ಮುಚ್ಚಳಕ್ಕೆ ಪೈ ಬೇಕೇ ಬೇಕಲ್ಲ?

ಹೈಸ್ಕೂಲ್_ಮೇಷ್ಟ್ರು:

ಅಲ್ಲೂ ಬೇಡ. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ, 1150ರದ್ದು ಅದು, ವೃತ್ತದ ವಿಸ್ತೀರ್ಣಕ್ಕೆ ಹೇಳಿರೋ ಸೂತ್ರದಲ್ಲಿ ಪೈ ಕಾಣಿಸೋದೇ ಇಲ್ಲ. ಪರಿಧಿಯನ್ನ ವ್ಯಾಸದ ಕಾಲು ಭಾಗದಿಂದ ಗುಣಿಸು, ಅಷ್ಟೇ. ಹಾಗಾದ್ರೆ ತಳ ಮುಚ್ಚಳ ಎರಡೂ ಸೇರಿ ಪರಿಧಿ ಇಂಟು ಅರ್ಧ ವ್ಯಾಸ ಆಯ್ತು. ಅದಕ್ಕೆ ಸುತ್ತಿನ ಪರಿಧಿ ಇಂಟು ಎತ್ತರ ಸೇರಿಸಿದ್ರೆ ಪೂರ್ಣ ಮೇಲ್ಮೈ ಬರೋದು ಹೀಗೆ: ಸುತ್ತಳತೆ × (ಎತ್ತರ + ಅರ್ಧ ಅಡ್ಡಗಲ). ಡ್ರಮ್ಮಿಗೆ ದಾರ ಸುತ್ತಿ 180 ಸೆಂಟಿಮೀಟರ್ ಬಂತು, ಎತ್ತರ 88, ಮುಚ್ಚಳದ ಅಡ್ಡಗಲ 57 ಅಂತಿದ್ರೆ 180 × 116.5 = 20,970 ಚದರ ಸೆಂಟಿಮೀಟರ್, ಎರಡು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ.

ಅದೇ ಪುಸ್ತಕದಲ್ಲಿ ಪರಿಧಿಗೆ ಎರಡು ಬೆಲೆ ಇದೆ. ಸೂಕ್ಷ್ಮವಾಗಿ ಬೇಕಿದ್ರೆ 3927ನ್ನ 1250ರಿಂದ ಭಾಗಿಸಿದ್ದು, ಅಂದ್ರೆ 3.1416. ಸ್ಥೂಲವಾಗಿ ಸಾಕು ಅಂದ್ರೆ ನಮ್ಮ 22/7, ಅದನ್ನ ವ್ಯವಹಾರಕ್ಕೆ ಯೋಗ್ಯ ಅಂತಲೇ ಕರೆದಿದ್ದಾರೆ. ಬಣ್ಣದ ಕೂಲಿ, ಲೋಡಿನ ಬಟ್ಟೆ, ತೋಟದ ಸುಣ್ಣ ಎಲ್ಲಾ ವ್ಯವಹಾರವೇ. ಅದಕ್ಕೂ ಮುಂಚೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ಸ್ಥೂಲ ಲೆಕ್ಕಕ್ಕೆ ಮೂರು ಪಟ್ಟು ಸಾಕು, ಸೂಕ್ಷ್ಮಕ್ಕೆ ಹತ್ತರ ವರ್ಗಮೂಲ ಅಂತ ಹೇಳಿದ್ದ. ನಮ್ಮ ನೆಲದಲ್ಲಿ ಅಳತೆಯನ್ನ ಕೆಲಸಕ್ಕೆ ತಕ್ಕ ಹಾಗೆ ನೋಡೋ ಅಭ್ಯಾಸ ಅಷ್ಟು ಹಳೇದು, ಇದನ್ನ ಮಕ್ಕಳಿಗೆ ಹೇಳೋವಾಗ ನಂಗೆ ಪ್ರತಿ ಸಲ ಖುಷಿ ಆಗುತ್ತೆ.

ತಗಡಿನ_ಕೆಲಸ:

ಒಂದು ಮಾತು ಸೇರಿಸ್ತೀನಿ. 1 ಲೀಟರ್ ಹಿಡಿಯೋ ಮುಚ್ಚಿದ ಡಬ್ಬಕ್ಕೆ ತಗಡು ಕಮ್ಮಿ ಬೇಕಾಗೋದು ಎತ್ತರ ಮತ್ತು ಅಡ್ಡಗಲ ಸಮ ಇದ್ದಾಗ, ಎರಡೂ 10.8 ಸೆಂಟಿಮೀಟರ್, ಮೇಲ್ಮೈ 554. ಅದೇ 1 ಲೀಟರನ್ನ 8 ಸೆಂಟಿಮೀಟರ್ ಅಡ್ಡಗಲದ ಉದ್ದ ಡಬ್ಬ ಮಾಡಿದ್ರೆ 600 ಆಗುತ್ತೆ. ಮುಚ್ಚಳ ಇಲ್ಲದ ಪಾತ್ರೆಗೆ ಎತ್ತರ ಅಡ್ಡಗಲದ ಅರ್ಧ ಇದ್ರೆ ಕಮ್ಮಿ. ಆದ್ರೆ ಕೈಯಲ್ಲಿ ಹಿಡಿಯೋಕೆ ಬರ್ಬೇಕಲ್ಲ, ಅದಕ್ಕೇ ಉದ್ದ ಡಬ್ಬನೇ ಜನ ಕೇಳೋದು.

ಜಗಲಿಕಂಬ:

ಶನಿವಾರ ಊರಿಗೆ ಹೋಗಿದ್ದೆ, ಏನಾಯ್ತು ಅಂತ ಹೇಳ್ತೀನಿ. ಕಂಟ್ರ್ಯಾಕ್ಟರ್ ಜೊತೆ ಕೂತು ಮೇಷ್ಟ್ರು ಹೇಳಿದ ಹಾಗೆ ಊದುಬತ್ತಿ ಡಬ್ಬದ ಕಾಗದ ಸುಲಿದೆ. ಅವರು ಕಾಗದ ಕೈಯಲ್ಲಿ ಹಿಡ್ಕೊಂಡು ಮತ್ತೆ ಡಬ್ಬಕ್ಕೆ ಸುತ್ತಿ ನೋಡಿದ್ರು, ಬಿಡಿಸಿ ನೋಡಿದ್ರು, ಆಮೇಲೆ ಅವರೇ ಎದ್ದು ಹೋಗಿ ಕಂಬಕ್ಕೆ ದಾರ ಸುತ್ತಿದ್ರು. ಬುಡದಲ್ಲಿ 39, ನಡುವೆ 38, ಮೇಲೆ 37, ಸರಾಸರಿ 38ಕ್ಕೇ ಬಂತು. ಚೀಟೀಲಿ 226 ಹೊಡೆದು 114 ಬರೆದ್ರು. ಇಷ್ಟು ವರ್ಷ ದುಂಡು ಕಂಬಕ್ಕೆ ಹಿಂಗೇ ಹಾಕ್ತಿದ್ನಲ್ಲ ಅಂತ ಮುಖ ಸಣ್ಣ ಮಾಡಿದ್ರು, ನಂಗೂ ಬೇಜಾರಾಯ್ತು.

ಆಮೇಲೆ ಅವರೇ ಮೇಲೆ ತೋರಿಸಿ ಬೋದಿಗೆ ಲೆಕ್ಕ ಬಿಟ್ಟಿದೀವಿ ಅಂದ್ರು. ಕಂಬದ ತಲೆ ಮೇಲೆ ಚೌಕ ಬೋದಿಗೆ ಇದೆ, ಬದಿ ಒಂದೂವರೆ ಅಡಿ, ದಪ್ಪ ಅರ್ಧ ಅಡಿ. ನಾಲ್ಕು ಬದಿ ಸೇರಿ ಕಂಬಕ್ಕೆ 3 ಅಡಿ, ನಾಲ್ಕು ಕಂಬಕ್ಕೆ 12. ಒಟ್ಟು 126, ಕೂಲಿ 1,764 ರೂಪಾಯಿ ಅಂತ ಒಪ್ಪಿ ಬಂದೆ.

ಸೈಟ್_ಹುಬ್ಬಳ್ಳಿ:

ಭಾಳ ಛಲೋ ಆತು. ಆದ್ರ ಬೋದಿಗಿ ಕೆಳಗಿನ ಮುಖ ಬಿಟ್ರಿ ನೋಡ್ರಿ. ಒಂದೂವರೆ ಅಡಿ ಚೌಕದ ಕೆಳಗ ಒಂದಡಿ ಕಂಬ ನಿಂತೈತಿ, ಸುತ್ತ ನಾಲ್ಕು ಮೂಲಿ ಕಡೆ ಜಾಗ ಉಳಿದಿರ್ತದ, ತಲಿ ಎತ್ತಿದ್ರ ಕಾಣೋದ ಅದು. ಅಲ್ಲಿ ಬ್ರಷ್ ಹಿಡಿಯೂದು ಎಲ್ಲಕ್ಕಿಂತ ತ್ರಾಸು. ಚೌಕ 2.25, ಅದರಾಗ ಕಂಬದ ದುಂಡು 0.8 ತಗದ್ರ 1.45 ಉಳೀತು. ನಾಲ್ಕಕ್ಕ ಹತ್ತತ್ರ 6 ಅಡಿ.

ಜಗಲಿಕಂಬ:

ನಿಜ, ಅದು ನಮ್ಮಿಬ್ಬರ ಕಣ್ಣಿಗೂ ಬೀಳಲೇ ಇಲ್ಲ. 126 + 6 = 132, ಇನ್ನೂ 84 ರೂಪಾಯಿ ಅವರಿಗೆ ಹೋಗ್ಬೇಕು. ಇವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಚೀಟೀಲಿ ಬರೆಸ್ತೀನಿ, ಸೋಮವಾರ ಅವರು ಕಂಬಕ್ಕೆ ಕೈ ಹಚ್ಚೋ ಮೊದಲೇ.